ಪದಚರ್ಚೆ: ಕಡಲಲ್ಲಿ ತೇಲುವ ಗಾಳಿಯಂತ್ರ, ಮತ್ತು ‘ವಾಣಿಜ್ಯ ಪ್ರಮಾಣ’ ಅಂದರೆ ಯಾವುದು?

ಎಲ್ಲರಿಗೂ ನಮಸ್ಕಾರ.

ಫ್ಲೋಟಿಂಗ್ ಆಫ್‌ಶೋರ್ ವಿಂಡ್ ಬಗ್ಗೆ ಕನ್ನಡದಲ್ಲಿ ಒಂದು ಉದ್ದನೆಯ ಲೇಖನ ಬರೆಯುತ್ತಿದ್ದೇನೆ. ಆಳವಾದ ಕಡಲಿನಲ್ಲಿ ತೇಲುವ ತಳದ ಮೇಲೆ ಗಾಳಿಯಂತ್ರ ನಿಲ್ಲಿಸಿ ಕರೆಂಟು ಮಾಡುವ ಕೆಲಸ ಇದು. ಹದಿನೈದಕ್ಕೂ ಹೆಚ್ಚು ವರ್ಷಗಳಿಂದ ಒಂದೊಂದೇ ಯಂತ್ರ, ಒಂದೊಂದೇ ಚಿಕ್ಕ ಗುಂಪು ಅಂತ ನಡೆದು ಬಂದಿದೆ. ಈಗ ದೊಡ್ಡ ಉದ್ಯಮವಾಗಲು ಹೊರಟಿದೆ. ಆ ದಾರಿಯನ್ನು ಹೇಳಬೇಕು ಅನ್ನುವುದು ನನ್ನ ಆಸೆ. ಆದರೆ ಬರೆಯುವಾಗ ಎರಡು ಕಡೆ ಕೈ ನಿಲ್ಲುತ್ತದೆ. ಒಂದು ‘ಆಫ್‌ಶೋರ್’, ಇನ್ನೊಂದು ‘ಕಮರ್ಷಿಯಲ್ ಸ್ಕೇಲ್’. ಮೊದಲನೆಯದು ಹೆಸರಿನ ತೊಡಕು. ಎರಡನೆಯದು ಅದಕ್ಕಿಂತ ದೊಡ್ಡದು, ಅಲ್ಲಿ ಪದ ಜಾರಿದರೆ ವಿಷಯವೇ ಜಾರುತ್ತದೆ. ನಿಮ್ಮೆಲ್ಲರ ಸಲಹೆ ಬೇಕು.

ಸುಲಭದ್ದರಿಂದ ಶುರು ಮಾಡುತ್ತೇನೆ.

ಪತ್ರಿಕೆಗಳಲ್ಲಿ ‘ಕಡಲಾಚೆಯ ಪವನ ವಿದ್ಯುತ್’ ಅಂತ ಬರುತ್ತದೆ. ಕಿವಿಗೆ ಚೆನ್ನಾಗಿದೆ. ಆದರೆ ಕನ್ನಡದಲ್ಲಿ ಕಡಲಾಚೆ ಅಂದರೆ ಕಡಲಿನ ಆಚೆ ದಡ. ಕಡಲಾಚೆಯ ಕನ್ನಡಿಗರು ಅಂದರೆ ಹೊರದೇಶದಲ್ಲಿ ನೆಲೆಸಿದವರು. ಹಾಗಿರುವಾಗ ಕಡಲಾಚೆಯ ವಿದ್ಯುತ್ ಅಂದರೆ ಬೇರೆ ದೇಶದಲ್ಲಿ ತಯಾರಾದ ಕರೆಂಟು ಅಂತ ಯಾರಾದರೂ ಓದಿಕೊಂಡರೆ ಅದು ಅವರ ತಪ್ಪಲ್ಲ. ಸ್ಕಾಟ್ಲೆಂಡಿನ ಪೀಟರ್‌ಹೆಡ್ ಎದುರಿನ ಹೈವಿಂಡ್ ಸ್ಕಾಟ್ಲೆಂಡ್ ಯಂತ್ರಗಳು ದಡದಿಂದ ಸುಮಾರು 25 ಕಿಲೋಮೀಟರ್ ದೂರ ಇವೆ. ನಾರ್ವೆಯ ಹೈವಿಂಡ್ ಟ್ಯಾಂಪೆನ್ ಅನ್ನುವ ಇಂಥದ್ದೇ ಕೇಂದ್ರ ಸುಮಾರು 140 ಕಿಲೋಮೀಟರ್ ದೂರ. ಎಷ್ಟು ದೂರ ಹೋದರೂ ಅವು ಕಡಲಿನ ಮೇಲೇ ಇವೆ, ಕಡಲು ದಾಟಿಲ್ಲ.

‘ತೀರದಾಚೆ’ ಅಂದರೆ ಅರ್ಥ ಸರಿಯಾಗುತ್ತದೆ. ತೀರ ದಾಟಿದ ಮೇಲೆ ಇರುವುದು ಅಂತ. ‘ಕಡಲೊಳಗಿನ’ ಅಂದರೆ ನೀರಿನ ಕೆಳಗೆ ಮುಳುಗಿದಂತೆ ಕೇಳುತ್ತದೆ, ಅದು ಬೇಡ. ‘ಕಡಲ ಗಾಳಿ ವಿದ್ಯುತ್’ ಅನ್ನೋಣ ಅಂದರೆ ಭೂಗೋಳದ ಪಾಠದ ಕಡಲಗಾಳಿ ಅಡ್ಡ ಬರುತ್ತದೆ. ಹಗಲು ಕಡಲಿನಿಂದ ನೆಲದ ಕಡೆ ಬೀಸುವ ಗಾಳಿ ಅದು, ಬೇರೆಯೇ ವಿಷಯ. ‘ಕಡಲ ಗಾಳಿಯಂತ್ರ’ ಅಂದಾಗ ಆ ಗೊಂದಲ ಕಡಿಮೆ. ಯಂತ್ರ ಅನ್ನುವ ಮಾತು ಬಂದ ಕೂಡಲೇ ಓದುವವರ ಮನಸ್ಸು ಕಡಲಿನಲ್ಲಿ ನಿಂತ ಒಂದು ವಸ್ತುವಿನ ಕಡೆ ಹೋಗುತ್ತದೆ.

ತೇಲುವ ಅನ್ನುವ ಪದ ಸೇರಿಸಿದರೆ ಕಡಲು ಅನ್ನುವುದೇ ಬೇಡ, ತೇಲುವುದು ನೀರಿನಲ್ಲೇ ತಾನೆ ಅಂತ ಗೆಳೆಯರೊಬ್ಬರು ಹೇಳಿದರು. ಒಪ್ಪಲು ಆಗಲಿಲ್ಲ. ಕನ್ನಡದಲ್ಲಿ ಮೋಡವೂ ತೇಲುತ್ತದೆ, ಗಾಳಿಪಟವೂ ತೇಲುತ್ತದೆ. ಬಲೂನಿನಂಥದ್ದಕ್ಕೆ ಕಟ್ಟಿ ಆಕಾಶದಲ್ಲೇ ತೇಲಿಸುವ ಗಾಳಿಯಂತ್ರಗಳ ಪ್ರಯೋಗವೂ ನಡೆದಿದೆ. ಹಾಗಾಗಿ ‘ಕಡಲಲ್ಲಿ ತೇಲುವ ಗಾಳಿಯಂತ್ರ’ ಅಂತ ಒಮ್ಮೆ ಪೂರ್ತಿ ಹೇಳಿ, ಆಮೇಲೆ ‘ತೇಲುವ ಯಂತ್ರ’ ಅಂತ ಚಿಕ್ಕದು ಮಾಡಿಕೊಳ್ಳುವುದು ನನ್ನ ದಾರಿ. ‘ತೇಲಾಡುವ’ ಅಂತ ಮಾತ್ರ ಬರೆಯಬಾರದು. ತೇಲಾಡುವುದು ಅಂದರೆ ನೀರು ಕರೆದುಕೊಂಡು ಹೋದ ಕಡೆ ಹೋಗುವುದು. ಇವು ಲಂಗರು, ಸರಪಳಿಗಳಿಂದ ಒಂದೇ ಜಾಗಕ್ಕೆ ಕಟ್ಟಿದ ಯಂತ್ರಗಳು. ಇಪ್ಪತ್ತು, ಇಪ್ಪತ್ತೈದು ವರ್ಷ ಅಲ್ಲೇ ಇರಬೇಕು.

ತೇಲುವುದಕ್ಕೆ ಎದುರು ಪದವೂ ಬೇಕು. ಕಡಲಿನ ಗಾಳಿಯಂತ್ರಗಳಲ್ಲಿ ಹೆಚ್ಚಿನವು ತೇಲುವುದಿಲ್ಲ, ಕಂಬವನ್ನು ಕಡಲ ತಳಕ್ಕೆ ಊರಿರುತ್ತಾರೆ. ಡೆನ್ಮಾರ್ಕಿನ ವಿಂಡೆಬಿಯಲ್ಲಿ 1991ರಲ್ಲಿ ನಿಲ್ಲಿಸಿದ ಮೊದಲ 11 ಯಂತ್ರಗಳಿಂದ ಇವತ್ತಿನ ದೈತ್ಯರವರೆಗೆ ಇದೇ ಪದ್ಧತಿ. ‘ಊರಿದ ಯಂತ್ರ’ ಅನ್ನುವುದು ನನಗೆ ಹಿಡಿಸಿದೆ. ‘ಸ್ಥಿರ’ ಅನ್ನುವುದಕ್ಕಿಂತ ಸ್ಪಷ್ಟವಾಗಿದೆ, ಯಾಕೆಂದರೆ ತೇಲುವ ಯಂತ್ರವೂ ಸ್ಥಿರವಾಗಿ ನಿಲ್ಲಲೇಬೇಕು. ನೀರಿನ ಆಳ ಸುಮಾರು 60 ಮೀಟರ್ ದಾಟಿದರೆ ಊರುವ ಕಂಬಕ್ಕೆ ಹಿಡಿಸುವ ಉಕ್ಕು, ಅದನ್ನು ಎತ್ತುವ ಹಡಗು, ಎಲ್ಲದರ ಖರ್ಚೂ ವಿಪರೀತ ಏರುತ್ತದೆ. ಯುರೋಪಿನ ಸುತ್ತಲಿನ ಕಡಲುಗಳಲ್ಲಿ ಸಿಗಬಹುದಾದ ಗಾಳಿಶಕ್ತಿಯ ಸುಮಾರು 80 ಪ್ರತಿಶತ ಅದಕ್ಕಿಂತ ಆಳದ ನೀರಿನ ಮೇಲಿದೆ ಅನ್ನುತ್ತಾರೆ. ಜಪಾನ್, ಕ್ಯಾಲಿಫೋರ್ನಿಯಾ ಕರಾವಳಿಗಳಲ್ಲಂತೂ ದಡ ಬಿಟ್ಟ ಕೂಡಲೇ ಆಳ ಶುರು. ತೇಲಿಸುವ ಹಟಕ್ಕೆ ಕಾರಣ ಇದೇ.

ಇನ್ನು ‘ವಿಂಡ್ ಫಾರ್ಮ್’ ಅನ್ನುವಾಗಿನ ‘ಫಾರ್ಮ್’, ಅಂದರೆ ಹಲವು ಗಾಳಿಯಂತ್ರಗಳು ಒಟ್ಟಿಗಿರುವ ಜಾಗ. ತೋಟ, ಹೊಲ, ತೋಪು, ಕ್ಷೇತ್ರ, ಸ್ಥಾವರ, ಎಲ್ಲವನ್ನೂ ಒಂದೊಂದು ಕಡೆ ನೋಡಿದ್ದೇನೆ. ಗಾಳಿತೋಪು ಅಂದರೆ ಗಾಳಿಮರದ ತೋಪು ನೆನಪಾಗುತ್ತದೆ. ಸ್ಥಾವರ ಅನ್ನುವುದು ಅಣುಸ್ಥಾವರದಿಂದ ಬಂದಿದೆ, ಕರೆಂಟು ಮಾಡುವ ಜಾಗ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಆದರೆ ಸ್ಥಾವರ, ಜಂಗಮ ಅನ್ನುವ ಜೋಡಿ ನಮ್ಮ ಭಾಷೆಯಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಅಂದರೆ ‘ತೇಲುವ ಸ್ಥಾವರ’ ಅಂತ ಬರೆಯಲು ಮನಸ್ಸು ಬರುವುದಿಲ್ಲ. ‘ಗಾಳಿ ವಿದ್ಯುತ್ ಕೇಂದ್ರ’ ಸಾಕು ಅನಿಸುತ್ತದೆ. ಇದರಲ್ಲಿ ಹೊಸತನ ಏನೂ ಇಲ್ಲ, ಇರಬೇಕಾಗಿಯೂ ಇಲ್ಲ.

ತಳಹದಿಗೆ ಬರೋಣ. ಇಲ್ಲಿ ಕನ್ನಡದ ಹಳೆಯ ಪದಗಳು ತಾವಾಗಿಯೇ ಮುಂದೆ ಬರುತ್ತವೆ. ತೆಪ್ಪ ಇದೆ, ಬೆಂಡು ಇದೆ. ಬಲೆಯ ಅಂಚನ್ನು ನೀರಿನ ಮೇಲೆ ಹಿಡಿದಿಡುವುದು ಬೆಂಡು. ಒಟ್ಟಾರೆ ಎಲ್ಲಾ ಬಗೆಗೂ ಹೊಂದುವ ಹೆಸರಾಗಿ ‘ತೇಲುಗಟ್ಟೆ’ ಅಂತ ಹೊಸದೊಂದು ಪದ ಕಟ್ಟಿದ್ದೇನೆ. ತೇಲು, ಕಟ್ಟೆ. ಕಟ್ಟೆಗೆ ಅಣೆಕಟ್ಟೆಯ ಅರ್ಥವೂ ಇದೆ ಅನ್ನುವುದು ಗೊತ್ತು. ಆದರೂ ಮೇಲೆ ಏನನ್ನಾದರೂ ಕೂರಿಸುವ ಗಟ್ಟಿ ಜಾಗ ಅನ್ನುವ ಅರ್ಥ ಇನ್ನೂ ಬಲವಾಗಿದೆ, ಅಲ್ವಾ?

ತೇಲುಗಟ್ಟೆಯಲ್ಲಿ ನಾಲ್ಕು ಬಗೆ. ಮೊದಲನೆಯದು ಸ್ಪಾರ್. ಉದ್ದನೆಯ ಕೊಳವೆ, ನೀರಿನಲ್ಲಿ ನೆಟ್ಟಗೆ ನಿಲ್ಲುತ್ತದೆ, ತಳದಲ್ಲಿ ಭಾರ ತುಂಬಿರುತ್ತಾರೆ. ತಳ್ಳಿದರೂ ಎದ್ದು ನಿಲ್ಲುವ ಬೊಂಬೆಯ ಹಾಗೆ. ಹೈವಿಂಡ್ ಸ್ಕಾಟ್ಲೆಂಡಿನ ಒಂದೊಂದು ಯಂತ್ರದ ಒಟ್ಟು ಎತ್ತರ 253 ಮೀಟರ್, ಅದರಲ್ಲಿ 78 ಮೀಟರ್ ನೀರಿನ ಕೆಳಗೆ. ‘ಬೆಂಡುಗಂಬ’ ಅನ್ನಬಹುದಾ? ಎರಡನೆಯದು ಸೆಮಿ ಸಬ್‌ಮರ್ಸಿಬಲ್, ಮೂರು ನಾಲ್ಕು ದಪ್ಪ ಕಂಬಗಳನ್ನು ತೊಲೆಗಳಿಂದ ಜೋಡಿಸಿದ ರಚನೆ. ಇದಕ್ಕೆ ‘ಅರೆಮುಳುಗು ತೆಪ್ಪ’ ಸರಿಹೋಗುತ್ತದೆ. ಪೋರ್ಚುಗಲ್ಲಿನ ವಿಂಡ್‌ಫ್ಲೋಟ್ ಅಟ್ಲಾಂಟಿಕ್ ಈ ಬಗೆಯದು. ಗಾಳಿ ಒಂದು ಕಡೆಯಿಂದ ಒತ್ತಿದಾಗ ಕಂಬದಿಂದ ಕಂಬಕ್ಕೆ ನೀರು ಪಂಪ್ ಮಾಡಿ ಅದು ನೆಟ್ಟಗಾಗುತ್ತದೆ. ಮೂರನೆಯದು ಟೆನ್ಶನ್ ಲೆಗ್ ಪ್ಲಾಟ್‌ಫಾರ್ಮ್. ಮೇಲೇಳಲು ಹವಣಿಸುವ ಕಟ್ಟೆಯನ್ನು ಬಿಗಿ ಹಗ್ಗಗಳಿಂದ ಕೆಳಕ್ಕೆ ಎಳೆದು ಕಟ್ಟಿರುತ್ತಾರೆ. ಫ್ರಾನ್ಸಿನ ಪ್ರೊವಾನ್ಸ್ ಗ್ರಾಂಡ್ ಲಾರ್ಜ್‌ನಲ್ಲಿ ಹೀಗಿದೆ. ‘ಬಿಗಿಗಾಲಿನ ಕಟ್ಟೆ’ ಅಂತ ಬರೆದಿದ್ದೇನೆ. ನಾಲ್ಕನೆಯದು ಚಪ್ಪಟೆಯಾಗಿ ತೇಲುವ ಬಾರ್ಜ್, ಅದಕ್ಕೆ ಬರಿ ತೆಪ್ಪ ಸಾಕು.

ಈ ಕಟ್ಟೆಗಳ ಅಲುಗಾಟಕ್ಕೆ ಪದ ಹುಡುಕುವಾಗ ಒಂದು ಸಂತೋಷದ ಸಂಗತಿ ಕಂಡಿತು. ಇಂಗ್ಲಿಷಿನಲ್ಲಿ ಹಡಗು ಮುಂದಕ್ಕೂ ಹಿಂದಕ್ಕೂ ಬಾಗುವುದಕ್ಕೆ ಪಿಚ್ ಅನ್ನುತ್ತಾರೆ. ಗಾಳಿಯಂತ್ರದ ರೆಕ್ಕೆ ತನ್ನ ಅಕ್ಷದ ಸುತ್ತ ಮಗ್ಗುಲು ಬದಲಿಸುವುದಕ್ಕೂ ಪಿಚ್ ಅನ್ನುತ್ತಾರೆ. ತೇಲುವ ಯಂತ್ರದಲ್ಲಿ ಇವೆರಡೂ ಒಟ್ಟಿಗೆ ಬರುತ್ತವೆ, ಒಂದಕ್ಕೊಂದು ತೊಡರಿಕೊಳ್ಳುತ್ತವೆ. ಆ ತೊಡಕು ಈ ತಂತ್ರಜ್ಞಾನದ ಮುಖ್ಯ ಪಾಠಗಳಲ್ಲಿ ಒಂದು. ಗಾಳಿ ಜೋರಾದಾಗ ಯಂತ್ರ ರೆಕ್ಕೆಗಳನ್ನು ತಿರುವಿ ಹೆಚ್ಚಾದ ಗಾಳಿಯನ್ನು ಬಿಟ್ಟುಬಿಡುತ್ತದೆ. ನೆಲದ ಮೇಲೆ ಇದರಿಂದ ತೊಂದರೆ ಇಲ್ಲ. ತೇಲುವ ಯಂತ್ರ ಗಾಳಿಯ ಕಡೆಗೆ ಬಾಗಿದಾಗ ರೆಕ್ಕೆಗೆ ಎದುರಾಗುವ ಗಾಳಿ ಜಾಸ್ತಿಯಾಗುತ್ತದೆ. ಯಂತ್ರ ರೆಕ್ಕೆ ತಿರುವುತ್ತದೆ. ಹಿಂದಕ್ಕೆ ಒತ್ತುವ ಬಲ ಕಡಿಮೆಯಾಗುತ್ತದೆ. ಒತ್ತುವ ಬಲ ಕಡಿಮೆಯಾದ್ದರಿಂದ ಕಟ್ಟೆ ಇನ್ನೂ ಮುಂದಕ್ಕೆ ಬಾಗುತ್ತದೆ. ವಾಪಸ್ ಬರುವಾಗ ಇದೇ ಆಟ ತಿರುಗುಮುರುಗಾಗಿ ನಡೆಯುತ್ತದೆ. ಓಲಾಟ ಅಡಗುವ ಬದಲು ಬೆಳೆಯುತ್ತಾ ಹೋಗುತ್ತದೆ. ರೆಕ್ಕೆ ತಿರುವುವ ವೇಗವನ್ನು ಕಟ್ಟೆಯ ಸಹಜ ಓಲಾಟಕ್ಕಿಂತ ನಿಧಾನ ಮಾಡಿ ಎಂಜಿನಿಯರುಗಳು ಇದನ್ನು ಪಳಗಿಸಿದರು.

ಇದನ್ನು ಇಂಗ್ಲಿಷಿನಲ್ಲಿ ವಿವರಿಸುವವರು ಪ್ರತಿ ಸಲವೂ ಯಾವ ಪಿಚ್ ಅಂತ ಬಿಡಿಸಿ ಹೇಳಬೇಕು. ನಮಗೆ ಆ ಕಷ್ಟ ಇಲ್ಲ. ರೆಕ್ಕೆಗೆ ‘ತಿರುವು’, ಕಟ್ಟೆಗೆ ‘ಬಾಗಾಟ’. ಅಕ್ಕಪಕ್ಕಕ್ಕೆ ವಾಲುವುದಕ್ಕೆ ‘ಹೊರಳಾಟ’, ಮೇಲೆ ಕೆಳಗೆ ಆಡುವುದಕ್ಕೆ ‘ಏರಿಳಿತ’, ಒಟ್ಟಾರೆ ಅಲುಗಾಟಕ್ಕೆ ‘ಹೊಯ್ದಾಟ’. ಓಲಾಡು, ತೊನೆ, ತುಯ್ದಾಡು, ಹೊಯ್ದಾಡು, ಬಳುಕು, ಎಷ್ಟೊಂದು ಪದ ಇಟ್ಟುಕೊಂಡಿದ್ದೇವೆ! ಇವುಗಳನ್ನು ಬಿಟ್ಟು ‘ಆಂದೋಲನ’ ಅಂತ ಬರೆಯುವುದು ಯಾಕೆ ಅಂತ ತಿಳಿಯುವುದಿಲ್ಲ. ಆಂದೋಲನ ಅಂದರೆ ಇವತ್ತಿನ ಓದುಗರಿಗೆ ಚಳವಳಿ.

ಬಳುಕು ಅನ್ನುವುದು ಇನ್ನೊಂದು ಕಡೆಯೂ ಬೇಕಾಗುತ್ತದೆ. ತೇಲುವ ಯಂತ್ರದಿಂದ ಕಡಲ ತಳಕ್ಕೆ ಇಳಿಯುವ ಕೇಬಲ್ ಕಟ್ಟೆಯ ಜೊತೆಗೇ ಸದಾ ಆಡುತ್ತಿರುತ್ತದೆ. ನಡುವೆ ಬೆಂಡುಗಳನ್ನು ಕಟ್ಟಿ ಅದನ್ನು ಅಲೆಯ ಆಕಾರದಲ್ಲಿ ನೇತುಬಿಡುತ್ತಾರೆ, ಕಟ್ಟೆಯ ಎಳೆತ ನೇರವಾಗಿ ಕೇಬಲಿನ ಮೇಲೆ ಬೀಳದಿರಲಿ ಅಂತ. ಇಂಗ್ಲಿಷಿನವರು ಡೈನಾಮಿಕ್ ಕೇಬಲ್ ಅನ್ನುತ್ತಾರೆ. ‘ಚಲನಶೀಲ ಕೇಬಲ್’ ಅಂದರೆ ಕೇಬಲ್ ಎಲ್ಲಿಗೋ ಹೊರಟಂತೆ. ‘ತೂಗು ಕೇಬಲ್’, ‘ಬಳುಕು ಕೇಬಲ್’, ಇವೆರಡರಲ್ಲಿ ಯಾವುದು? ನನ್ನ ಒಲವು ಬಳುಕಿನ ಕಡೆಗಿದೆ. ಲಕ್ಷಾಂತರ ಸಲ ಬಳುಕಿಯೂ ಮುರಿಯಬಾರದು ಅನ್ನುವುದೇ ಅದರ ಪರೀಕ್ಷೆ.

ಈಗ ಮುಖ್ಯ ಪ್ರಶ್ನೆಗೆ ಬರುತ್ತೇನೆ.

‘ಕಮರ್ಷಿಯಲ್ ಸ್ಕೇಲ್’ ಅನ್ನುವುದನ್ನು ಸಾಮಾನ್ಯವಾಗಿ ‘ವಾಣಿಜ್ಯ ಪ್ರಮಾಣ’ ಅಥವಾ ‘ವಾಣಿಜ್ಯ ಮಟ್ಟ’ ಅಂತ ಬರೆಯುತ್ತೇವೆ. ಎರಡು ಪದಗಳಲ್ಲೂ ತೊಂದರೆ ಇದೆ. ಪ್ರಮಾಣ ಅಂದರೆ ಅಳತೆಯೂ ಹೌದು, ಆಣೆಯೂ ಹೌದು, ಸಾಕ್ಷಿಯೂ ಹೌದು. ಅದನ್ನು ಹೇಗೋ ಸಂದರ್ಭ ನೋಡಿಕೊಳ್ಳುತ್ತದೆ. ವಾಣಿಜ್ಯವೇ ದೊಡ್ಡ ತೊಂದರೆ. ವಾಣಿಜ್ಯ ಮಳಿಗೆ, ವಾಣಿಜ್ಯ ಬಳಕೆಯ ಸಿಲಿಂಡರ್, ವಾಣಿಜ್ಯ ತೆರಿಗೆ ಅನ್ನುವಾಗ ವಾಣಿಜ್ಯ ಅಂದರೆ ವ್ಯಾಪಾರಕ್ಕೆ ಸಂಬಂಧಿಸಿದ್ದು ಅಂತಷ್ಟೇ. ದೊಡ್ಡದು ಅನ್ನುವ ಅರ್ಥ ಅಲ್ಲಿಲ್ಲ. ಲಾಭ ಬರುತ್ತದೆ ಅನ್ನುವ ಅರ್ಥವೂ ಇಲ್ಲ. ಈ ತಂತ್ರಜ್ಞಾನದ ಕಥೆಯಲ್ಲಿ ಮೂರು ಬೇರೆ ಬೇರೆ ಸಂಗತಿಗಳಿವೆ: ಕರೆಂಟು ಮಾರುವುದು, ದೊಡ್ಡದಾಗುವುದು, ಹಾಕಿದ ಹಣಕ್ಕೆ ಸರಿದೂಗುವುದು. ಮೂರಕ್ಕೂ ಒಂದೇ ವಾಣಿಜ್ಯ ಅಂದುಬಿಟ್ಟರೆ ಮೊದಲನೆಯದು ಆದ ಕೂಡಲೇ ಮೂರೂ ಆಯಿತು ಅನ್ನುವ ಭಾವನೆ ಬರುತ್ತದೆ.

ಹೈವಿಂಡ್ ಸ್ಕಾಟ್ಲೆಂಡನ್ನೇ ನೋಡಿ. ಅದಕ್ಕೂ ಮೊದಲು, 2009ರಲ್ಲಿ, ಆಗ ಸ್ಟಾಟಾಯಿಲ್‌ಹೈಡ್ರೋ ಅನ್ನುವ ಹೆಸರಿದ್ದ ಎಕ್ವಿನಾರ್ ಕಂಪನಿ ನಾರ್ವೆಯ ಕಾರ್ಮೊಯ್ ಎದುರಿಗೆ 2.3 ಮೆಗಾವ್ಯಾಟಿನ ಒಂದೇ ಒಂದು ತೇಲುವ ಯಂತ್ರ ನಿಲ್ಲಿಸಿತ್ತು. ಅದು ಪರೀಕ್ಷೆ. ಯಾರಿಗೂ ಅನುಮಾನ ಇರಲಿಲ್ಲ. 2017ರಲ್ಲಿ ಅದೇ ಕಂಪನಿ ಸ್ಕಾಟ್ಲೆಂಡಿನಲ್ಲಿ 6 ಮೆಗಾವ್ಯಾಟಿನ ಐದು ಯಂತ್ರ ನಿಲ್ಲಿಸಿತು. ಒಟ್ಟು 30 ಮೆಗಾವ್ಯಾಟ್. ಸುದ್ದಿಗಳಲ್ಲಿ ಅದು ‘ಜಗತ್ತಿನ ಮೊದಲ ವಾಣಿಜ್ಯ ತೇಲುವ ಗಾಳಿ ವಿದ್ಯುತ್ ಕೇಂದ್ರ’. ಯೋಜನೆಯ ಕಾಗದಪತ್ರಗಳಲ್ಲಿ ಅದರ ಹೆಸರು ಹೈವಿಂಡ್ ಸ್ಕಾಟ್ಲೆಂಡ್ ಪೈಲಟ್ ಪಾರ್ಕ್. ಪೈಲಟ್ ಅಂದರೆ ಪರೀಕ್ಷೆಗೆ ಕಟ್ಟಿದ್ದು. ಎರಡೂ ಸುಳ್ಳಲ್ಲ. ಕರೆಂಟನ್ನು ಗ್ರಿಡ್ಡಿಗೆ ಮಾರುತ್ತಿತ್ತು, ಹಾಗಾಗಿ ವಾಣಿಜ್ಯ. ಸರ್ಕಾರದ ವಿಶೇಷ ಬೆಂಬಲ ಇಲ್ಲದೆ ನಿಲ್ಲುತ್ತಿರಲಿಲ್ಲ, ಗಾತ್ರವೂ ಚಿಕ್ಕದು, ಹಾಗಾಗಿ ಪೈಲಟ್.

ಇಲ್ಲೊಂದು ಮಾತು ಸೇರಿಸಬೇಕು. ಆ ಐದು ಯಂತ್ರಗಳು ಮಾಡಿದ ಕೆಲಸ ಚಿಕ್ಕದಲ್ಲ. ಮೊದಲ ಐದು ವರ್ಷಗಳಲ್ಲಿ ಸರಾಸರಿ 54 ಪ್ರತಿಶತ ಸಾಮರ್ಥ್ಯದಲ್ಲಿ ಓಡಿದವು. ಅಂದರೆ ವರ್ಷವಿಡೀ ಪೂರ್ತಿ ಶಕ್ತಿಯಲ್ಲಿ ತಿರುಗಿದ್ದರೆ ಎಷ್ಟು ಕರೆಂಟು ಬರುತ್ತಿತ್ತೋ ಅದರ ಅರ್ಧಕ್ಕಿಂತ ಜಾಸ್ತಿ ಬಂತು. ಕಡಲಿನ ಗಾಳಿಯಂತ್ರಗಳಿಗೆ ಇದು ತುಂಬಾ ಒಳ್ಳೆಯ ಅಂಕಿ. ತೇಲಿಸಬಹುದೇ ಅನ್ನುವ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಆಮೇಲೆ 2020ರಲ್ಲಿ ವಿಂಡ್‌ಫ್ಲೋಟ್ ಅಟ್ಲಾಂಟಿಕ್, 25 ಮೆಗಾವ್ಯಾಟ್. 2021ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ಹತ್ತಿರ ಕಿನ್‌ಕಾರ್ಡಿನ್, ಸುಮಾರು 50. 2023ರಲ್ಲಿ ಹೈವಿಂಡ್ ಟ್ಯಾಂಪೆನ್, 11 ಯಂತ್ರ, 88. ಆಮೇಲೆ ಪ್ರೊವಾನ್ಸ್ ಗ್ರಾಂಡ್ ಲಾರ್ಜ್, 25. ಹೈವಿಂಡ್ ಸ್ಕಾಟ್ಲೆಂಡನ್ನೂ ಸೇರಿಸಿ ಈ ಐದನ್ನು ಕೂಡಿದರೆ 218 ಮೆಗಾವ್ಯಾಟ್. ಉತ್ತರ ಸಮುದ್ರದಲ್ಲಿ 2022ರಲ್ಲಿ ಪೂರ್ತಿಯಾದ ಹಾರ್ನ್‌ಸೀ 2 ಅನ್ನುವ ಊರಿದ ಯಂತ್ರಗಳ ಒಂದೇ ಕೇಂದ್ರ ಸುಮಾರು 1,300 ಮೆಗಾವ್ಯಾಟ್. ಯುರೋಪಿನ ದೊಡ್ಡ ತೇಲುವ ಕೇಂದ್ರಗಳೆಲ್ಲ ಸೇರಿದರೂ ಅದರ ಆರನೆಯ ಒಂದು ಪಾಲು. ಹೀಗಿರುವಾಗ ‘ತೇಲುವ ಗಾಳಿಯಂತ್ರಗಳು ವಾಣಿಜ್ಯ ಹಂತ ತಲುಪಿವೆ’ ಅಂತ ಕನ್ನಡದಲ್ಲಿ ಬರೆದರೆ ಓದುವವರಿಗೆ ಏನು ತಿಳಿಯಬೇಕು?

ದೊಡ್ಡದಾಗುವುದು ಅಂದರೆ ಸುಮ್ನೆ ಹೆಚ್ಚು ಯಂತ್ರ ನಿಲ್ಲಿಸುವುದಲ್ಲ. ಈಗಿನ ದೊಡ್ಡ ಯಂತ್ರಗಳು 15 ಮೆಗಾವ್ಯಾಟ್ ಆಸುಪಾಸಿನವು. ಆ ಗಾತ್ರದ ಯಂತ್ರದ ರೆಕ್ಕೆಗಳು ತಿರುಗುವ ವೃತ್ತದ ವ್ಯಾಸ ಸುಮಾರು 240 ಮೀಟರ್. 1,000 ಮೆಗಾವ್ಯಾಟ್ ಬೇಕಾದರೆ ಇಂಥ 67 ಯಂತ್ರ ಬೇಕು. ಒಂದೊಂದಕ್ಕೆ ಮೂರು ಲಂಗರಿನ ಸರಪಳಿ ಅಂದರೂ 200ರ ಮೇಲೆ. ಒಂದೊಂದು ಉಕ್ಕಿನ ಕಟ್ಟೆಯ ತೂಕ ಸಾವಿರಾರು ಟನ್. ಇವನ್ನು ಒಂದಾದ ಮೇಲೊಂದು, ಒಂದೇ ಅಚ್ಚಿನಲ್ಲಿ, ವಾರಕ್ಕೊಂದರಂತೆ ಹೊರತರುವ ಬಂದರು ಬೇಕು. ದಡದ ಹತ್ತಿರ ಆಳ ಬೇಕು, ಗಟ್ಟಿ ಹಾಸು ಬೇಕು, ಎತ್ತರದ ಕ್ರೇನ್ ಬೇಕು, ಮುಗಿದ ಕಟ್ಟೆಗಳನ್ನು ನೀರಿನಲ್ಲೇ ನಿಲ್ಲಿಸಿಡುವ ಜಾಗ ಬೇಕು. ಹೈವಿಂಡ್ ಸ್ಕಾಟ್ಲೆಂಡಿನ ಬೆಂಡುಗಂಬಗಳಿಗೆ ನಾರ್ವೆಯ ಆಳವಾದ ಫ್ಯೋರ್ಡ್, ಅಂದರೆ ಬೆಟ್ಟಗಳ ನಡುವೆ ಒಳಚಾಚಿದ ಕಡಲು, ಸಿಕ್ಕಿತು. ಸ್ಟೋರ್ಡ್‌ನಲ್ಲಿ ಜೋಡಿಸಿ ಉತ್ತರ ಸಮುದ್ರ ದಾಟಿಸಿ ಎಳೆದು ತಂದರು. ಐದು ಯಂತ್ರಕ್ಕೆ ಅದು ಸರಿ. ಅರವತ್ತೇಳಕ್ಕೆ ಬೇರೆ ಏರ್ಪಾಡು ಬೇಕು. ಟ್ಯಾಂಪೆನ್‌ನಲ್ಲಿ ಒಂದೇ ಲಂಗರಿಗೆ ಎರಡು ಮೂರು ಯಂತ್ರಗಳ ಸರಪಳಿ ಕಟ್ಟಿ 11 ಯಂತ್ರಗಳಿಗೆ 19 ಲಂಗರಿನಲ್ಲಿ ಕೆಲಸ ಮುಗಿಸಿದರು. ಗಾತ್ರ ಬೆಳೆದಾಗ ಖರ್ಚು ಇಳಿಯುವುದು ಇಂಥ ಜಾಣತನದಿಂದ.

ರಿಪೇರಿಯ ವಿಷಯದಲ್ಲೂ ಅಷ್ಟೇ. ಊರಿದ ಯಂತ್ರದ ದೊಡ್ಡ ಭಾಗ ಕೆಟ್ಟರೆ ಕಾಲೂರಿ ನಿಲ್ಲುವ ಕ್ರೇನ್ ಹಡಗು ಬಂದು ಬದಲಿಸುತ್ತದೆ. ಆಳ ನೀರಿನಲ್ಲಿ ಅಂಥ ಹಡಗಿಗೆ ಕಾಲೂರಲು ಆಗುವುದಿಲ್ಲ. ಹಾಗಾಗಿ 2022ರಲ್ಲಿ ಕಿನ್‌ಕಾರ್ಡಿನ್‌ನ ಒಂದು ಯಂತ್ರವನ್ನು ಸರಪಳಿ ಬಿಚ್ಚಿ ರಾಟರ್‌ಡ್ಯಾಮಿಗೆ ಎಳೆದುಕೊಂಡು ಹೋದರು. 2024ರಲ್ಲಿ ಹೈವಿಂಡ್ ಸ್ಕಾಟ್ಲೆಂಡಿನ ಐದೂ ಯಂತ್ರಗಳನ್ನು ದೊಡ್ಡ ರಿಪೇರಿಗೆ ನಾರ್ವೆಗೆ ಒಯ್ದರು. ಅದೇ ವರ್ಷ ಕಿನ್‌ಕಾರ್ಡಿನ್‌ನಲ್ಲಿ ಜನರೇಟರ್ ಒಂದನ್ನು ಕಡಲಲ್ಲೇ, ಯಂತ್ರ ಇದ್ದ ಜಾಗದಲ್ಲೇ ಬದಲಿಸಿದರು. ಇದು ಸಣ್ಣ ಸುದ್ದಿಯಂತೆ ಕಾಣುತ್ತದೆ. ನನಗೆ ಇದು ಹೊಸ ಯಂತ್ರ ನಿಲ್ಲಿಸಿದ್ದಕ್ಕಿಂತ ದೊಡ್ಡ ಸುದ್ದಿ. ಎಳೆದುಕೊಂಡು ಹೋಗುವಷ್ಟು ದಿನ ಕರೆಂಟು ನಿಲ್ಲುತ್ತದೆ, ಹವಾಮಾನಕ್ಕೆ ಕಾಯಬೇಕಾಗುತ್ತದೆ, ಟಗ್ ದೋಣಿಗಳ ಬಾಡಿಗೆ ಏರುತ್ತದೆ. ಇದ್ದಲ್ಲೇ ರಿಪೇರಿ ಸಾಧ್ಯವಾದರೆ ಲೆಕ್ಕ ಬದಲಾಗುತ್ತದೆ.

ಲೆಕ್ಕ ಅಂದೆ. ಮೂರನೆಯ ಸಂಗತಿ ಅದೇ. 2024ರ ಸೆಪ್ಟೆಂಬರಿನಲ್ಲಿ ಬ್ರಿಟನ್ ಸರ್ಕಾರದ ಹರಾಜಿನಲ್ಲಿ 400 ಮೆಗಾವ್ಯಾಟಿನ ಗ್ರೀನ್ ವೋಲ್ಟ್ ಅನ್ನುವ ತೇಲುವ ಯೋಜನೆಗೆ ಮೆಗಾವ್ಯಾಟ್ ಗಂಟೆಗೆ 139.93 ಪೌಂಡ್ ಖಾತ್ರಿ ದರ (ಮಾರುಕಟ್ಟೆ ಬೆಲೆ ಇಳಿದರೂ ಕೈಸೇರುವ ದರ) ಸಿಕ್ಕಿತು. ಅದೇ ಹರಾಜಿನಲ್ಲಿ ಊರಿದ ಯಂತ್ರಗಳ ಹೊಸ ಯೋಜನೆಗಳಿಗೆ 58.87 ಪೌಂಡ್. ಎರಡೂ 2012ರ ಬೆಲೆಮಟ್ಟದಲ್ಲಿ ಹೇಳಿದ ದರಗಳು. ತೇಲುವುದಕ್ಕೆ ಎರಡೂಕಾಲು ಪಟ್ಟಿಗಿಂತ ಜಾಸ್ತಿ ಕೊಡಬೇಕು. ಫ್ರಾನ್ಸಿನಲ್ಲಿ ಬ್ರಿಟನಿ ದಕ್ಷಿಣದ 250 ಮೆಗಾವ್ಯಾಟ್ ಯೋಜನೆ ಅದೇ ವರ್ಷ 86.45 ಯೂರೋಗೆ ಹೋಯಿತು. ಅಲ್ಲಿ ದಡಕ್ಕೆ ಕರೆಂಟು ತರುವ ಸಂಪರ್ಕದ ಖರ್ಚು ಈ ದರದೊಳಗೆ ಸೇರಿಲ್ಲ. ಹಾಗಾಗಿ ಎರಡು ದೇಶದ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಇದು ಅಗ್ಗ, ಅದು ದುಬಾರಿ ಅನ್ನಲು ಬರುವುದಿಲ್ಲ. 400, 250 ಅನ್ನುವ ಗಾತ್ರ ನೋಡಿದರೆ ಇವು ದೊಡ್ಡವು. ಆದರೆ ಖಾತ್ರಿ ದರದ ಆಸರೆ ಇಲ್ಲದೆ ಇವು ನಿಲ್ಲುವುದಿಲ್ಲ. ದೊಡ್ಡದಾಗುವುದು ಬೇರೆ, ಲೆಕ್ಕ ಕೂಡಿಬರುವುದು ಬೇರೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಲೆಕ್ಕ ಕೂಡಿಬರದೆ ನಿಂತವೂ ಇವೆ. ಜಪಾನಿನ ಫುಕುಶಿಮಾ ಎದುರು 2013ರಿಂದ 2, 7 ಮತ್ತು 5 ಮೆಗಾವ್ಯಾಟಿನ ಮೂರು ತೇಲುವ ಯಂತ್ರಗಳನ್ನು ಸರ್ಕಾರದ ಹಣದಲ್ಲಿ ನಿಲ್ಲಿಸಿದ್ದರು. ಅಣು ದುರಂತ ಕಂಡ ಕರಾವಳಿಗೆ ಅದು ಬರೀ ಯಂತ್ರವಾಗಿರಲಿಲ್ಲ. ಆದರೂ ಹಣ ಹುಟ್ಟುವುದಿಲ್ಲ ಅಂತ ಕೊನೆಗೆ ಎಲ್ಲವನ್ನೂ ಕಳಚಿದರು. ನಾರ್ವೆಯಲ್ಲಿ ಬರ್ಗೆನ್ ಎದುರಿಗೆ 1,000 ಮೆಗಾವ್ಯಾಟಿನ ಟ್ರೋಲ್‌ವಿಂಡ್ ಅನ್ನುವ ಯೋಜನೆಯನ್ನು ಎಕ್ವಿನಾರ್ 2023ರಲ್ಲಿ ಕೈಬಿಟ್ಟಿತು. ಈ ಕೆಲಸದಲ್ಲಿ ಎಲ್ಲರಿಗಿಂತ ಹೆಚ್ಚು ಅನುಭವ ಇರುವ ಕಂಪನಿ ಅದು. ಅವರಿಗೆ ತೇಲಿಸಲು ಬರುತ್ತಿತ್ತು. ಏರುತ್ತಿದ್ದ ಖರ್ಚಿನಲ್ಲಿ ಅದು ಗಿಟ್ಟಲಿಲ್ಲ.

ಗಿಟ್ಟುವುದು. ನಾನು ಹುಡುಕುತ್ತಿದ್ದ ಪದ ಇದೇ ಅನಿಸುತ್ತಿದೆ. ‘ಈ ರೇಟಿಗೆ ಕೊಟ್ಟರೆ ನನಗೆ ಗಿಟ್ಟಲ್ಲ’ ಅನ್ನುವ ಮಾತು ಎಲ್ಲರೂ ಕೇಳಿದ್ದೇವೆ. ‘ಅಸಲೂ ಗಿಟ್ಟಲಿಲ್ಲ’ ಅನ್ನುತ್ತೇವೆ. ಇದರಲ್ಲಿ ವ್ಯಾಪಾರವೂ ಇದೆ, ಹಾಕಿದ ಹಣ ವಾಪಸ್ ಬರುವ ಲೆಕ್ಕವೂ ಇದೆ. ‘ಕಮರ್ಷಿಯಲ್ ಸ್ಕೇಲ್’ ಅನ್ನುವುದಕ್ಕೆ ‘ಗಿಟ್ಟುವ ಗಾತ್ರ’ ಅಂದರೆ ಹೇಗೆ? ಎಷ್ಟು ದೊಡ್ಡದಾದರೆ ಕೆಲಸ ಗಿಟ್ಟುತ್ತದೆಯೋ ಅಷ್ಟು ಗಾತ್ರ. ‘ತೇಲುವ ಗಾಳಿಯಂತ್ರಗಳು ಗಿಟ್ಟುವ ಗಾತ್ರಕ್ಕೆ ಬೆಳೆಯುತ್ತಿವೆ, ಇನ್ನೂ ಮುಟ್ಟಿಲ್ಲ’ ಅಂತ ಬರೆದರೆ ಏನು ಆಗಿದೆ, ಏನು ಬಾಕಿ ಇದೆ ಎರಡೂ ಒಂದೇ ಸಾಲಿನಲ್ಲಿ ಕಾಣುತ್ತದೆ. ಬರೀ ಕರೆಂಟು ಮಾರಲು ತೊಡಗಿದ್ದಕ್ಕೆ ‘ಮಾರಾಟ ಶುರುವಾಯಿತು’ ಅನ್ನೋಣ. ‘ವಾಣಿಜ್ಯ ಕಾರ್ಯಾಚರಣೆ’ ಅನ್ನುವ ಸರ್ಕಾರಿ ಪದ ಅಲ್ಲೇ ಉಳಿಯಲಿ, ಅದು ಕೇಂದ್ರ ಅಧಿಕೃತವಾಗಿ ಶುರುವಾದ ತಾರೀಕಿಗೆ ಇಟ್ಟ ಹೆಸರು.

ಎರಡು ಆಕ್ಷೇಪಗಳನ್ನು ನಾನೇ ಯೋಚಿಸಿದೆ. ಒಂದು, ‘ಪ್ರಶಸ್ತಿ ಗಿಟ್ಟಿಸಿಕೊಂಡರು’ ಅನ್ನುವ ಪತ್ರಿಕೆಯ ಬಳಕೆಯಿಂದ ಗಿಟ್ಟುವುದಕ್ಕೆ ದಕ್ಕುವುದು ಅನ್ನುವ ಅರ್ಥ ಗಟ್ಟಿಯಾಗಿದೆ. ಆದರೆ ‘ಗಿಟ್ಟಿಸು’ ಬೇರೆ, ‘ಗಿಟ್ಟು’ ಬೇರೆ. ಬೆಲೆ, ಖರ್ಚು ಅನ್ನುವ ಮಾತು ಸುತ್ತ ಇದ್ದರೆ ಗೊಂದಲ ಆಗಲಾರದು. ಇನ್ನೊಂದು, ಇದು ಆಡುಮಾತು, ತಾಂತ್ರಿಕ ಬರಹಕ್ಕೆ ಹಗುರ ಅನ್ನುವವರು ಇರುತ್ತಾರೆ. ನನಗೆ ಹಾಗನಿಸುವುದಿಲ್ಲ. ಹಣದ ಲೆಕ್ಕ ಹೇಳುವಾಗ ಎಲ್ಲರಿಗೂ ತಿಳಿಯುವ ಮಾತಿಗಿಂತ ತೂಕದ ಮಾತು ಇನ್ನೊಂದಿಲ್ಲ. ಖಾತ್ರಿ ದರದ ಹಣ ಕೊನೆಗೆ ಬರುವುದು ಕರೆಂಟು ಬಿಲ್ ಕಟ್ಟುವವರಿಂದ. ಅವರಿಗೆ ತಿಳಿಯುವ ಪದದಲ್ಲೇ ಹೇಳಬೇಕು.

‘ಪೈಲಟ್’ ಬಗ್ಗೆ ಇನ್ನೂ ನಿರ್ಧಾರ ಆಗಿಲ್ಲ. ‘ಪ್ರಾಯೋಗಿಕ’ ಅಂತ ಬರೆಯುವುದು ರೂಢಿ. ಆದರೆ ‘ಪ್ರಾಯೋಗಿಕವಾಗಿ ಸಾಧ್ಯವಿಲ್ಲ’ ಅನ್ನುವಾಗ ಅದೇ ಪದ ಕಾರ್ಯರೂಪಕ್ಕೆ ತರುವುದು ಅನ್ನುವ ಅರ್ಥ ಕೊಡುತ್ತದೆ. ಒಂದೇ ಯಂತ್ರ ನಿಲ್ಲಿಸಿ ನೋಡುವುದಕ್ಕೆ ‘ಒಂಟಿ ಪರೀಕ್ಷೆ’, ಮೂರರಿಂದ ಹನ್ನೊಂದು ಯಂತ್ರದ ಕೇಂದ್ರಕ್ಕೆ ‘ಪರೀಕ್ಷಾ ಗುಂಪು’ ಅಂತ ಸದ್ಯಕ್ಕೆ ಇಟ್ಟುಕೊಂಡಿದ್ದೇನೆ. ಇದಕ್ಕಿಂತ ಒಳ್ಳೆಯದು ಹೊಳೆದರೆ ದಯವಿಟ್ಟು ತಿಳಿಸಿ.

ಕೊನೆಯದಾಗಿ ಒಂದು ನೇರ ಪ್ರಶ್ನೆ. ಗಿಟ್ಟುವುದು ಅನ್ನುವ ಪದ ಈ ಅರ್ಥದಲ್ಲಿ ನಿಮ್ಮ ನಿಮ್ಮ ಕಡೆಯ ಮಾತಿನಲ್ಲಿ ಇದೆಯಾ? ‘ಪೂರೈಸುವುದಿಲ್ಲ’ ಅಂತ ಕೆಲವರು ಹೇಳುವುದನ್ನು ಕೇಳಿದ್ದೇನೆ. ‘ಪೂರೈಸುವ ಗಾತ್ರ’ ಅಂದರೆ ಸರಬರಾಜು ಮಾಡುವ ಗಾತ್ರ ಅಂತ ಆಗಿಬಿಡುತ್ತದೆ, ಆದ್ದರಿಂದ ಅದು ಇಲ್ಲಿ ಕೂರುವುದಿಲ್ಲ. ಬೇರೆ ಪದ ಇದ್ದರೆ ಒಂದು ವಾಕ್ಯದಲ್ಲಿ ಬಳಸಿ ಬರೆಯಿರಿ. ಬರೀ ಪದ ಕೊಟ್ಟರೆ ಅದು ಎಷ್ಟು ಭಾರ ಹೊರುತ್ತದೆ ಅಂತ ತಿಳಿಯುವುದಿಲ್ಲ. ತೇಲುಗಟ್ಟೆ, ಬೆಂಡುಗಂಬ, ಬಳುಕು ಕೇಬಲ್ ಬಗ್ಗೆಯೂ ಒಪ್ಪಿಗೆ ಇಲ್ಲದವರು ಮುಲಾಜಿಲ್ಲದೆ ಹೇಳಿ.